ಬೋಧಗಯೆಯಲ್ಲಿ ಮೂರು ವಾರ: ನಿಮ್ಮ ವಿದೇಶಿ ಅತಿಥಿ ಎಲ್ಲಿ ಉಳಿದರೆ ಒಳ್ಳೆಯದು?

ಜರ್ಮನಿಯ ಸಹೋದ್ಯೋಗಿಯೋ, ಅಮೆರಿಕದಿಂದ ಬಂದ ಸೊಸೆಯೋ, ಮೈಸೂರಿಗೆ ಯೋಗ ಕಲಿಯಲು ಬಂದು ನಿಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗನೋ ಒಂದು ದಿನ ಕೇಳೇ ಕೇಳುತ್ತಾರೆ: "ಬೋಧಗಯೆಯಲ್ಲಿ ಎರಡು ಮೂರು ವಾರ ಇರಬೇಕು ಅಂತಿದ್ದೇನೆ, ಎಲ್ಲಿ ಉಳಿಯಲಿ?" ನಮ್ಮಲ್ಲಿ ಹೆಚ್ಚಿನವರಿಗೆ ಗಯೆ ಎಂದರೆ ಪಿಂಡಪ್ರದಾನ. ವಿಷ್ಣುಪಾದ ಮುಗಿಸಿ, ಮಧ್ಯಾಹ್ನ ಆಟೊದಲ್ಲಿ ಬೋಧಗಯೆಗೊಂದು ಸುತ್ತು ಹೋಗಿಬಂದು, ರಾತ್ರಿ ಕಾಶಿಯ ರೈಲು ಹಿಡಿದಿರುತ್ತೇವೆ. ಅಷ್ಟರ ಅನುಭವದಿಂದ ಮೂರು ವಾರ ಇರುವವರಿಗೆ ದಾರಿ ಹೇಳುವುದು ಕಷ್ಟ. ಹಾಗೆ ನೋಡಿದರೆ ವಿಷ್ಣುಪಾದ ದೇವಾಲಯದಲ್ಲಿ ಹಿಂದೂಗಳಲ್ಲದವರಿಗೆ ಪ್ರವೇಶವೇ ಇಲ್ಲ. ಅತಿಥಿಯನ್ನು ಜೊತೆಗೆ ಕರೆದೊಯ್ದು ಎರಡನ್ನೂ ಒಟ್ಟಿಗೆ ಮುಗಿಸುವ ಯೋಜನೆ ಇದ್ದರೆ ಇದು ಮೊದಲೇ ತಿಳಿದಿರಲಿ.

"ಅಷ್ಟು ದೂರ ಯಾಕೆ, ನಮ್ಮ ಬೈಲಕುಪ್ಪೆಯೇ ಇದೆಯಲ್ಲ" ಅನ್ನುವವರೂ ಇದ್ದಾರೆ. ಚಿನ್ನದ ದೇವಾಲಯ ನೋಡಿ ಸಂಜೆಯ ಹೊತ್ತಿಗೆ ಕುಶಾಲನಗರಕ್ಕೆ ಮರಳುವುದಾದರೆ ಸರಿ. ಬೈಲಕುಪ್ಪೆ, ಮುಂಡಗೋಡಿನಂಥ ಟಿಬೆಟನ್ ವಸಾಹತುಗಳ ಒಳಗೆ ರಾತ್ರಿ ತಂಗಲು ವಿದೇಶಿಯರಿಗೆ ಕೇಂದ್ರ ಗೃಹ ಸಚಿವಾಲಯದ ವಿಶೇಷ ಪರವಾನಗಿ ಬೇಕು, ಅದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಬೋಧಗಯೆಗೆ ಅಂಥದ್ದೇನೂ ಬೇಡ. ಮಾಮೂಲಿ ಪ್ರವಾಸಿ ವೀಸಾ ಸಾಕು.

ಇನ್ನು ಆಯ್ಕೆಗಳು. ಸ್ಥೂಲವಾಗಿ ನಾಲ್ಕಿವೆ: ಬೌದ್ಧ ಮಠಗಳ ಅತಿಥಿಗೃಹ, ಧ್ಯಾನ ಕೇಂದ್ರ, ಖಾಸಗಿ ಹೋಟೆಲು, ನದಿಯಾಚೆಯ ಹಳ್ಳಿಮನೆ. ಜನ ಇವನ್ನು ಬಾಡಿಗೆ, ಬಿಸಿನೀರು, ವೈಫೈ ಲೆಕ್ಕದಲ್ಲಿ ತೂಗುತ್ತಾರೆ. ನನ್ನ ಕೇಳಿದರೆ ಮೊದಲು ನೋಡಬೇಕಾದದ್ದು ಅಲ್ಲಿ ನಿಮ್ಮ ಬೆಳಗು ಮತ್ತು ಸಂಜೆ ಯಾರ ಕೈಯಲ್ಲಿರುತ್ತದೆ ಅನ್ನುವುದನ್ನು. ಯಾಕೆಂದರೆ ಬೋಧಗಯೆಯ ಸೊಗಸೆಲ್ಲ ಆ ಎರಡು ಹೊತ್ತಿನಲ್ಲೇ ಇದೆ.

ಮೊದಲು, ಅಲ್ಲಿನ ದಿನ ಹೇಗಿರುತ್ತದೆ

ಮಹಾಬೋಧಿ ದೇವಾಲಯ ಬೆಳಗ್ಗೆ 5ಕ್ಕೆ ತೆರೆದು ರಾತ್ರಿ 9ಕ್ಕೆ ಮುಚ್ಚುತ್ತದೆ. ಒಳಗೆ ಹೋಗಲು ದುಡ್ಡಿಲ್ಲ. 2013ರ ಜುಲೈನಲ್ಲಿ ಸರಣಿ ಸ್ಫೋಟವಾದ ಮೇಲೆ ತಪಾಸಣೆ ಬಿಗಿಯಾಗಿದೆ, ಮೊಬೈಲು ಒಳಗೆ ಒಯ್ಯುವಂತಿಲ್ಲ. ಹೊರಗಿನ ಲಾಕರಿನಲ್ಲಿಟ್ಟು ಹೋಗಬೇಕು. ಕ್ಯಾಮೆರಾ ಆದರೆ ಶುಲ್ಕ ಕಟ್ಟಿ ಚೀಟಿ ಮಾಡಿಸಬೇಕು. ಫೋನಿಲ್ಲದೆ ಅಷ್ಟು ದೊಡ್ಡ ಜನಸಂದಣಿಯೊಂದು ಇರಬಲ್ಲದು ಎನ್ನುವುದನ್ನು ಇವತ್ತು ನೋಡಬೇಕಾದರೆ ಇಲ್ಲಿಗೇ ಬರಬೇಕು.

ಸುಮಾರು 55 ಮೀಟರ್ ಎತ್ತರದ ಗೋಪುರ. ಅದರ ಹಿಂಬದಿಯಲ್ಲಿ ವಜ್ರಾಸನ, ಅಂದರೆ ಬುದ್ಧ ಜ್ಞಾನೋದಯಕ್ಕೆ ಕೂತ ಜಾಗದ ಕಲ್ಲಿನ ಪೀಠ, ಮೇಲೆ ಅರಳಿಮರ. ಈಗಿರುವ ಮರ ಬುದ್ಧ ಕೂತಿದ್ದ ಅದೇ ಮರವಲ್ಲ. ಹಳೆಯದು 1876ರ ಬಿರುಗಾಳಿಗೆ ಬಿದ್ದಿತ್ತು. ಆಮೇಲೆ ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಂ ದೇವಾಲಯದ ಜೀರ್ಣೋದ್ಧಾರದ ಕಾಲದಲ್ಲಿ ನೆಡಿಸಿದ ಸಸಿ ಬೆಳೆದು ಇಷ್ಟಾಗಿದೆ. ಎಲೆ ಕೀಳುವಂತಿಲ್ಲ, ಬಿದ್ದದ್ದನ್ನು ಆರಿಸಿಕೊಳ್ಳಬಹುದು. ಹಾಗಾಗಿ ಗಾಳಿ ಬೀಸಿತೆಂದರೆ ಧ್ಯಾನಕ್ಕೆ ಕೂತವರೂ ಕಣ್ಣು ಬಿಡುತ್ತಾರೆ.

ಬೆಳಗ್ಗೆ 5ರಿಂದ 7ರವರೆಗೆ ಒಳಗಿರುವವರು ಬೇರೆಯೇ ಬಗೆಯ ಜನ. ಹಲಗೆಯ ಮೇಲೆ ಕೈಗೆ ಬಟ್ಟೆ ಕಟ್ಟಿಕೊಂಡು ಲಕ್ಷ ದೀರ್ಘದಂಡ ನಮಸ್ಕಾರದ ಲೆಕ್ಕ ಮುಗಿಸುತ್ತಿರುವ ಟಿಬೆಟನ್ನರು, ಅವರ ನಡುವೆ ಅದೇ ಲೆಕ್ಕದಲ್ಲಿ ಬೆವರುತ್ತಿರುವ ಫ್ರೆಂಚ್ ಅಜ್ಜಿ, ಬಿಳಿಯುಟ್ಟ ಸಿಂಹಳೀಯರು, ಸೊಳ್ಳೆಪರದೆಯೊಳಗೆ ಅಲ್ಲಾಡದೆ ಕೂತ ಭಿಕ್ಕು. ಹತ್ತು ಗಂಟೆಯ ಹೊತ್ತಿಗೆ ಬಸ್ಸುಗಳು ಬಂದು ಅದು ಪ್ರವಾಸಿ ಸ್ಥಳವಾಗುತ್ತದೆ. ಸಂಜೆ ಐದರ ಮೇಲೆ ಮತ್ತೆ ಪಠಣ ಶುರು. ಒಂದೊಂದು ದೇಶದವರದು ಒಂದೊಂದು ಮೂಲೆ, ಕೆಲವರದು ಧ್ವನಿವರ್ಧಕದೊಂದಿಗೆ. ನಿಶ್ಶಬ್ದ ಹುಡುಕಿಕೊಂಡು ಬಂದವರಿಗೆ ಇದು ಮೊದಲ ಸಂಜೆ ಕಿರಿಕಿರಿ. ಎರಡನೆಯ ವಾರ ಅದೇ ಸದ್ದಿಲ್ಲದಿದ್ದರೆ ಏನೋ ಕಳೆದಂತಾಗುತ್ತದೆ ಎಂದು ಹೇಳಿದವರು ಬಹಳ ಮಂದಿ.

ಅಂದಮೇಲೆ ಐದು ಗಂಟೆಗೆ ಬಾಗಿಲ ಮುಂದೆ ನಿಲ್ಲಲು ಆಗುವಂಥ ಜಾಗ ಬೇಕು. ಆ ಹೊತ್ತಿನಲ್ಲಿ ಟೋಟೋ (ಬ್ಯಾಟರಿ ರಿಕ್ಷಾ) ಸಿಗುವ ಖಾತ್ರಿಯಿಲ್ಲ, ದೇವಾಲಯದ ಹತ್ತಿರ ವಾಹನ ಬಿಡುವುದೂ ಇಲ್ಲ. ನಡೆದೇ ಹೋಗಬೇಕು, ಡಿಸೆಂಬರ್ ಆದರೆ ಮಂಜಿನಲ್ಲಿ. ದಪ್ಪ ಕಾಲುಚೀಲ ಎರಡು ಜೊತೆ ಇರಲಿ. ಚಪ್ಪಲಿ ಬಿಟ್ಟ ಮೇಲೆ ಅಮೃತಶಿಲೆಯ ಚಳಿ ನೇರ ಮೊಳಕಾಲಿಗೇರುತ್ತದೆ.

ಮಠದ ಅತಿಥಿಗೃಹ

ಬೋಧಗಯೆಯಲ್ಲಿ ಬೌದ್ಧ ದೇಶಗಳೆಲ್ಲ ಒಂದೊಂದು ಮಠ ಕಟ್ಟಿವೆ. ಥಾಯ್ ಮಠ 1950ರ ದಶಕದಲ್ಲಿ, ನೆಹರೂ ಸರ್ಕಾರದ ಆಹ್ವಾನದ ಮೇಲೆ ಶುರುವಾದದ್ದು. ಭೂತಾನ್, ಜಪಾನ್, ಬರ್ಮಾ, ವಿಯೆಟ್ನಾಂ, ಬಾಂಗ್ಲಾದೇಶ, ಶ್ರೀಲಂಕಾ ಮೂಲದ ಮಹಾಬೋಧಿ ಸೊಸೈಟಿ, ಟಿಬೆಟನ್ನರಲ್ಲಿ ಒಂದೊಂದು ಪರಂಪರೆಗೆ ಒಂದೊಂದು. ಇವುಗಳಲ್ಲಿ ಹಲವು ಯಾತ್ರಿಕರಿಗೆ ಕೋಣೆ ಕೊಡುತ್ತವೆ. ಕೆಲವೆಡೆ ನಿಗದಿತ ಬಾಡಿಗೆ, ಕೆಲವೆಡೆ ಕೈಲಾದ ದಾನ. "ಕೈಲಾದಷ್ಟು" ಎಂದಾಗ ಪಶ್ಚಿಮದವರು ಗೊಂದಲಕ್ಕೆ ಬೀಳುತ್ತಾರೆ. ಪಕ್ಕದ ಸಾಧಾರಣ ಗೆಸ್ಟ್‌ಹೌಸಿನ ದರ ಕೇಳಿಕೊಂಡು ಅದಕ್ಕಿಂತ ಕಡಿಮೆಯಾಗದಂತೆ ಕೊಡಿ ಎಂದರೆ ಅವರ ಮನಸ್ಸೂ ನಿರಾಳ, ಮಠಕ್ಕೂ ನ್ಯಾಯ.

ಕೋಣೆ ಸಾದಾ. ಎರಡು ಮಂಚ, ರಜಾಯಿ, ಸೊಳ್ಳೆಪರದೆ ಇದ್ದರೆ ಪುಣ್ಯ. ಬಿಸಿನೀರು ಗೀಸರಿನಲ್ಲೋ ಬಕೆಟ್ಟಿನಲ್ಲೋ. ಹೀಟರ್ ಬಗ್ಗೆ ಕೇಳಲೇಬೇಡಿ. ಟಿಬೆಟನ್ ಮಠವಾದರೆ ನಸುಕಿಗೇ ಕೊಂಬು, ತಮಟೆ, ತಾಳದ ಪೂಜೆ ಶುರುವಾಗಿ ಅಲಾರಂ ಬೇಕಾಗುವುದಿಲ್ಲ. ಥೇರವಾದಿ (ಶ್ರೀಲಂಕಾ, ಬರ್ಮಾ, ಥಾಯ್ ಪರಂಪರೆಯ) ವಿಹಾರವಾದರೆ ಭಿಕ್ಕುಗಳ ಊಟ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಸಂಜೆ ಅಡುಗೆಮನೆ ತಣ್ಣಗಿರುತ್ತದೆ. ಗೇಟು ರಾತ್ರಿ ಒಂಬತ್ತು ಹತ್ತಕ್ಕೆಲ್ಲ ಹಾಕುವ ರೂಢಿ ಹಲವೆಡೆ ಇದೆ. ಮದುವೆಯಾಗದ ಜೋಡಿಗೆ ಬೇರೆ ಬೇರೆ ಕೋಣೆ ಎನ್ನುವ ಮಠಗಳೂ ಇವೆ. ಇದನ್ನು ಮೊದಲೇ ಕೇಳಿಕೊಳ್ಳುವುದು ಲೇಸು, ಅಂಗಳದಲ್ಲಿ ನಿಂತು ಚರ್ಚೆ ಮಾಡುವ ಮುಜುಗರ ತಪ್ಪುತ್ತದೆ.

ಇಷ್ಟೆಲ್ಲ ಇಲ್ಲಗಳಿದ್ದರೂ ನಾನು ಮೊದಲು ಹೆಸರಿಸುವುದು ಇದನ್ನೇ. ನಿಯಮಗಳಿವೆ, ಆದರೆ ದಿನ ನಿಮ್ಮದು. ಬೇಕಾದರೆ ಪೂಜೆಗೆ ಹೋಗಿ ಕೂರಬಹುದು, ಬೇಡವಾದರೆ ಯಾರೂ ಕೇಳುವುದಿಲ್ಲ. ಪಕ್ಕದ ಕೋಣೆಯಲ್ಲಿ ಥಿಂಪುವಿನಿಂದ ಇಡೀ ಕುಟುಂಬ ಬಂದಿರುತ್ತದೆ. ಭಾಷೆ ಬಾರದಿದ್ದರೂ ಚಹಾ ಬರುತ್ತದೆ. ಪುಸ್ತಕದಲ್ಲಿ ಬೌದ್ಧಧರ್ಮ ಓದಿಕೊಂಡು ಬಂದ ಪಶ್ಚಿಮದವರು ಅದನ್ನು ಜಪಮಾಲೆ, ಬೆಣ್ಣೆದೀಪ, ಮೊಮ್ಮಕ್ಕಳ ಗಲಾಟೆಯ ಜೊತೆಗೆ ಮೊದಲ ಬಾರಿಗೆ ಕಾಣುವುದು ಬಹುಶಃ ಇಲ್ಲೇ.

ಇದಕ್ಕೊಂದು ಚರಿತ್ರೆಯೂ ಇದೆ. 1950ರ ದಶಕದಲ್ಲಿ ದೇವಾಲಯದ ಮೇಲ್ವಿಚಾರಕರಾಗಿದ್ದ ಬಂಗಾಳದ ಅನಾಗಾರಿಕ ಮುನೀಂದ್ರರು ಮುಂದೆ ಬರ್ಮಾದಲ್ಲಿ ಧ್ಯಾನ ಕಲಿತು ಬೋಧಗಯೆಗೆ ಮರಳಿದಾಗ, 1967ರಲ್ಲಿ ಅವರ ಬಳಿ ಬಂದು ಕೂತ ಅಮೆರಿಕದ ತರುಣ ಜೋಸೆಫ್ ಗೋಲ್ಡ್‌ಸ್ಟೀನ್. 1970–71ರ ಚಳಿಗಾಲದಲ್ಲಿ ವಿಪಸ್ಸನ ಧ್ಯಾನದ ಗುರು ಸತ್ಯನಾರಾಯಣ ಗೋಯೆಂಕಾ ಬರ್ಮೀಸ್ ವಿಹಾರದಲ್ಲಿ ನಡೆಸಿದ ಶಿಬಿರಗಳಿಗೆ ಶರನ್ ಸಾಲ್ಜ್‌ಬರ್ಗ್ ಸೇರಿದಂತೆ ಹಲವರು ಬಂದರು. ಅಮೆರಿಕದಲ್ಲಿ ಇವತ್ತು ವಿಪಸ್ಸನ ಕಲಿಸುವ ಹಿರಿಯರ ಪೈಕಿ ಹಲವರ ಬೇರು ಈ ಸಾದಾ ಕೋಣೆಗಳಲ್ಲಿದೆ. 1979ರಲ್ಲಿ ಶುರುವಾಗಿ ದಶಕಗಳ ಕಾಲ ನಡೆದ ಆಂಟಿಯಾಕ್ ಕಾಲೇಜಿನ ಬೌದ್ಧ ಅಧ್ಯಯನ ಕಾರ್ಯಕ್ರಮದ ವಿದ್ಯಾರ್ಥಿಗಳೂ ಅದೇ ವಿಹಾರದಲ್ಲೇ ಉಳಿದು, ಬೌದ್ಧರ ಐದು ನಿಯಮಗಳಾದ ಪಂಚಶೀಲ ಪಾಲಿಸುತ್ತ ಓದಿದವರು.

ಧ್ಯಾನ ಕೇಂದ್ರ: ಎರಡು ಬಗೆ, ಒಂದಕ್ಕೊಂದು ದೂರ

ಹೆಚ್ಚು ಜನ ಕೇಳುವ ಹೆಸರು ಎರಡು. ಒಂದು ರೂಟ್ ಇನ್‌ಸ್ಟಿಟ್ಯೂಟ್. ಲಾಮಾ ಯೇಶೆ ಮತ್ತು ಲಾಮಾ ಜೋಪಾ ಕಟ್ಟಿದ ಅಂತರರಾಷ್ಟ್ರೀಯ ಸಂಸ್ಥೆಯ ಕೇಂದ್ರ ಇದು. 1980ರ ದಶಕದಲ್ಲಿ ಊರಂಚಿನ ಹೊಲಗಳ ನಡುವೆ ಶುರುವಾಯಿತು. ಇನ್ನೊಂದು ಧಮ್ಮ ಬೋಧಿ. ಗೋಯೆಂಕಾ ಪರಂಪರೆಯ ವಿಪಸ್ಸನ ಕೇಂದ್ರ, ಮಗಧ ವಿಶ್ವವಿದ್ಯಾಲಯದ ಬಳಿ ಇದೆ.

ರೂಟ್‌ನಲ್ಲಿ ಟಿಬೆಟನ್ ಪರಂಪರೆಯ ಪಾಠವನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಪ್ರಶ್ನೆ ಕೇಳಬಹುದು, ವಾದಿಸಬಹುದು. ಊಟ ಸಸ್ಯಾಹಾರ. ಆವರಣದೊಳಗೆ ಪಂಚಶೀಲ ಪಾಲಿಸಬೇಕು. ಗ್ರಂಥಾಲಯವಿದೆ, ತೋಟವಿದೆ, ಸುತ್ತಲಿನ ಹಳ್ಳಿಯವರಿಗಾಗಿ ನಡೆಸುವ ಚಿಕಿತ್ಸಾಲಯವಿದೆ. ಚಳಿಗಾಲವೇ ಇದರ ಸುಗ್ಗಿ, ಶಿಬಿರಗಳೆಲ್ಲ ಆ ತಿಂಗಳುಗಳಲ್ಲೇ. ಭಾರತಕ್ಕೆ ಮೊದಲ ಸಲ ಬಂದವರಿಗೆ, ಒಂಟಿಯಾಗಿ ಬಂದ ಹೆಣ್ಣುಮಕ್ಕಳಿಗೆ ಇದು ನೆಮ್ಮದಿಯ ಜಾಗ. ಕೊರತೆಯೂ ಅದರಲ್ಲೇ ಇದೆ. ಸುತ್ತ ಕೂತವರೆಲ್ಲ ಪಶ್ಚಿಮದವರೇ ಆದಾಗ ಬಿಹಾರದಲ್ಲಿದ್ದೇವೆ ಎನ್ನುವುದು ಕೆಲವರಿಗೆ ಮರೆತೇ ಹೋಗುತ್ತದೆ.

ಧಮ್ಮ ಬೋಧಿಯದು ಬೇರೆ ಲೋಕ. ನಸುಕಿನ 4ಕ್ಕೆ ಗಂಟೆ, ದಿನಕ್ಕೆ ಹತ್ತು ತಾಸಿನಷ್ಟು ಕೂರುವುದು, ಮೌನ. ಫೋನು, ಪುಸ್ತಕ, ಪೆನ್ನು ಮೊದಲ ದಿನವೇ ಕಚೇರಿಗೆ. ಗಂಡಸರು ಹೆಂಗಸರು ಬೇರೆ ಬೇರೆ. ಹೊಸಬರಿಗೆ ಸಂಜೆ ಐದಕ್ಕೆ ಹಣ್ಣು, ಚಹಾ. ಹಳಬರಿಗೆ ಮಧ್ಯಾಹ್ನದ ಮೇಲೆ ಊಟವಿಲ್ಲ. ಶುಲ್ಕವಿಲ್ಲ, ಶಿಬಿರ ಪೂರೈಸಿದವರಿಂದಷ್ಟೇ ದಾನ ತೆಗೆದುಕೊಳ್ಳುತ್ತಾರೆ. ಹತ್ತು ದಿನ ಮುಗಿದು ಹನ್ನೊಂದನೆಯ ಬೆಳಗ್ಗೆ ಹೊರಗೆ.

ಶಿಬಿರ ಚೆನ್ನಾಗಿಯೇ ಇರುತ್ತದೆ. ಆದರೆ ಆ ಹತ್ತು ದಿನ ಆವರಣ ಬಿಟ್ಟು ಹೊರಡುವಂತಿಲ್ಲ. ಮಹಾಬೋಧಿ ಅಷ್ಟು ಹತ್ತಿರದಲ್ಲಿದ್ದರೂ ನೋಡಲಾಗದು. ಅದೇ ಶಿಬಿರ, ಅದೇ ವೇಳಾಪಟ್ಟಿ, ಗೋಯೆಂಕಾ ಅವರ ಅದೇ ಧ್ವನಿಮುದ್ರಿತ ಪ್ರವಚನ ಬೆಂಗಳೂರಿನ ಹೊರವಲಯದ ಆಲೂರಿನಲ್ಲಿರುವ ಧಮ್ಮ ಪಫುಲ್ಲದಲ್ಲೂ ಸಿಗುತ್ತದೆ. ಮೂರು ವಾರದಲ್ಲಿ ಅರ್ಧದಷ್ಟನ್ನು ಹೀಗೆ ಕಳೆಯುವುದಕ್ಕೆ ಬೋಧಗಯೆಯವರೆಗೆ ಹೋಗಬೇಕೆ? ಕೆಲವರು ಆ ನೆಲದಲ್ಲೇ ಕೂರಬೇಕು ಅನ್ನುತ್ತಾರೆ, ಅದಕ್ಕೆ ಎದುರು ಮಾತಿಲ್ಲ. ಉಳಿದವರಿಗೆ ನನ್ನ ಸಲಹೆ: ವಿಪಸ್ಸನ ಬೆಂಗಳೂರಿನಲ್ಲಿ ಮುಗಿಸಿಕೊಂಡು ಹೋಗಿ, ಬೋಧಗಯೆಯ ಬೆಳಗುಗಳನ್ನು ಮರದ ಕೆಳಗೆ ಕಳೆಯಿರಿ.

ಹೋಟೆಲು

ಹೇಳಲು ಹೆಚ್ಚಿಲ್ಲ. ಎಸಿ, ಜನರೇಟರು, ಕಾರ್ಡು, ಬಿಸಿನೀರು ಎಲ್ಲ ಇದೆ. ವಯಸ್ಸಾದ ತಂದೆ ತಾಯಿಯ ಜೊತೆ ಬರುವವರಿಗೆ, ಮಂಡಿನೋವಿನವರಿಗೆ, ಪ್ರಯಾಣದ ಸುಸ್ತಿನಿಂದ ಮೊದಲ ಎರಡು ರಾತ್ರಿ ಚೆನ್ನಾಗಿ ಮಲಗಬೇಕೆನ್ನುವವರಿಗೆ ಸರಿ. ದೊಡ್ಡ ಹೋಟೆಲುಗಳು ತಂಡ ಯಾತ್ರಿಗಳ ಬಸ್ಸನ್ನು ನಂಬಿಕೊಂಡಿರುವುದರಿಂದ ಊರ ನಡುವಿನಿಂದ ತುಸು ಆಚೆಗಿರುತ್ತವೆ. ನಸುಕಿನ ನಡಿಗೆ ದೂರವಾದಷ್ಟೂ ನಾಲ್ಕನೆಯ ದಿನಕ್ಕೆ ಅದು ನಿಂತೇ ಹೋಗುತ್ತದೆ. ಒಂದು ಮಾತು: ಬಿಹಾರದಲ್ಲಿ 2016ರ ಏಪ್ರಿಲ್‌ನಿಂದ ಪಾನನಿಷೇಧವಿದೆ, ವಿದೇಶಿಯರಿಗೆ ವಿನಾಯಿತಿಯಿಲ್ಲ. ವಿಮಾನ ನಿಲ್ದಾಣದಲ್ಲಿ ಕೊಂಡ ಬಾಟಲಿ ಚೀಲದಲ್ಲಿದ್ದರೂ ತೊಂದರೆ. ಬೆಂಗಳೂರಿನಲ್ಲೇ ತೆಗೆದಿರಿಸಲು ಹೇಳಿ.

ನದಿಯಾಚೆಯ ಹಳ್ಳಿ

ನಿರಂಜನಾ ನದಿ ವರ್ಷದ ಬಹುಕಾಲ ಬರೀ ಮರಳು. ಆಚೆ ದಡದ ಬಕ್ರೌರ್‌ನಲ್ಲಿ ಸುಜಾತಾ ಸ್ತೂಪವಿದೆ. ಕೃಶನಾಗಿದ್ದ ಸಿದ್ಧಾರ್ಥನಿಗೆ ಪಾಯಸ ಕೊಟ್ಟವಳ ಹೆಸರಿನದು. ಅಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಮನೆವಾಸ್ತವ್ಯಗಳಿವೆ. ಭತ್ತದ ಗದ್ದೆ, ಎಮ್ಮೆ, ಸಾಸಿವೆ ಎಣ್ಣೆಯ ಘಾಟು, ಮನೆಯಲ್ಲೇ ಮಾಡಿದ ಲಿಟ್ಟಿ ಚೋಖಾ. ಮುಂದೆ ಹೋದರೆ ಡುಂಗೇಶ್ವರಿ ಬೆಟ್ಟದ ಗುಹೆ, ಸಿದ್ಧಾರ್ಥ ಉಪವಾಸ ಮಾಡಿದ ಜಾಗವೆಂಬ ನಂಬಿಕೆ. ಚಿತ್ರ ಬಿಡಿಸುವವರು, ಬರೆಯುವವರು, ಜನರ ಜೊತೆ ಬೆರೆಯುವ ಸ್ವಭಾವದವರು ಇಲ್ಲಿ ಖುಷಿಯಾಗಿರುತ್ತಾರೆ. ರಾತ್ರಿ ಕರೆಂಟು ಹೋದರೆ ಹೋಯಿತು, ಅಷ್ಟೆ.

ಒಂದು ಕಾನೂನಿನ ವಿಚಾರ. ವಿದೇಶಿಯರನ್ನು ಉಳಿಸಿಕೊಳ್ಳುವವರು ಯಾರೇ ಆಗಲಿ, ಹೋಟೆಲಾಗಲಿ ಮಠವಾಗಲಿ ಮನೆಯಾಗಲಿ, 24 ಗಂಟೆಯೊಳಗೆ ಅತಿಥಿಯ ವಿವರವನ್ನು ಆನ್‌ಲೈನಿನಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕು (ಹಿಂದೆ ಸಿ ಫಾರಂ ಎನ್ನುತ್ತಿದ್ದದ್ದು). "ಅದೆಲ್ಲ ಏನೂ ಬೇಡ, ಬನ್ನಿ" ಎನ್ನುವ ಮನೆಯಾದರೆ ಎಷ್ಟು ಪ್ರೀತಿ ತೋರಿದರೂ ಬೇಡ. ನಿಮ್ಮ ಮನೆಯ ಮಹಡಿಗೂ ಇದೇ ನಿಯಮ, ನೆನಪಿರಲಿ.

ಹಳ್ಳಿಯಲ್ಲಿ, ದೇವಾಲಯದ ದಾರಿಯಲ್ಲೂ, ಬಿಳಿ ಮುಖ ಕಂಡರೆ ಒಳ್ಳೆಯ ಇಂಗ್ಲಿಷ್ ಮಾತಾಡುವ ಹುಡುಗರು ಜೊತೆಯಾಗುತ್ತಾರೆ. ಊರು ತೋರಿಸುತ್ತಾರೆ, ಚಹಾ ಕೊಡಿಸುತ್ತಾರೆ, ಮೂರನೆಯ ದಿನ "ನಮ್ಮ ಶಾಲೆ" ತೋರಿಸುತ್ತಾರೆ. ನಿಜವಾಗಿ ನಡೆಯುತ್ತಿರುವ ಶಾಲೆಗಳೂ ಇವೆ, ವಿದೇಶಿಯರು ಬಂದಾಗಷ್ಟೇ ಮಕ್ಕಳು ತುಂಬುವ ಕೋಣೆಗಳೂ ಇವೆ. ಮಗುವಿಗೆ ಹಾಲಿನ ಪುಡಿ ಕೊಡಿಸಿ ಎಂದು ಕೇಳಿ, ಕೊಡಿಸಿದ ಡಬ್ಬವನ್ನು ಅದೇ ಅಂಗಡಿಗೆ ಮರಳಿಸುವುದು ಹಳೆಯ ಆಟ. ಇದನ್ನೆಲ್ಲ ಹೇಳಿ ಹೆದರಿಸುವುದು ಬೇಡ. ದಾನ ಮಾಡುವ ಮನಸ್ಸಿದ್ದರೆ ಕೊನೆಯ ವಾರದವರೆಗೆ ಕಾಯಿರಿ, ಆ ಹೊತ್ತಿಗೆ ಯಾರಿಗೆ ಕೊಡಬೇಕೆಂದು ನಿಮಗೇ ಗೊತ್ತಾಗಿರುತ್ತದೆ ಎಂದರೆ ಸಾಕು.

ಯಾವ ತಿಂಗಳು ಎನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ

ನವೆಂಬರ್‌ನಿಂದ ಫೆಬ್ರುವರಿ ಯಾತ್ರೆಯ ಕಾಲ. ಡಿಸೆಂಬರ್ ಆರಂಭದಲ್ಲಿ ಮರದ ಕೆಳಗೆ ಬೌದ್ಧ ಧರ್ಮಗ್ರಂಥವಾದ ತ್ರಿಪಿಟಕದ ಅಂತರರಾಷ್ಟ್ರೀಯ ಪಠಣ, ಚಳಿಗಾಲವಿಡೀ ಒಂದಲ್ಲ ಒಂದು ಟಿಬೆಟನ್ ಪರಂಪರೆಯ ಮೋನ್ಲಂ ಪ್ರಾರ್ಥನಾ ಸಭೆ. ಆಗ ಸಾವಿರಾರು ಭಿಕ್ಕುಗಳು ಬರುತ್ತಾರೆ, ಮಠಗಳ ಕೋಣೆ ಅವರವರ ದೇಶದವರಿಗೇ ಮೊದಲು. ದಲೈ ಲಾಮಾ ಕಾಲಚಕ್ರ ದೀಕ್ಷೆ ಕೊಟ್ಟ 2012, 2017ರಂಥ ವರ್ಷಗಳಲ್ಲಿ ಇಡೀ ಊರೇ ಡೇರೆಯಾಗುತ್ತದೆ. ಇಂಥ ಗದ್ದಲಕ್ಕಾಗಿಯೇ ಬರುವವರಿದ್ದಾರೆ, ಚಳಿಗಾಲದ ಡೇರೆ ಹೋಟೆಲುಗಳ ತುಕ್ಪಾ, ಮೊಮೊಗಾಗಿಯೂ. ಅವರು ಮಠ ಸಿಗದಿದ್ದರೆ ಸಣ್ಣ ಗೆಸ್ಟ್‌ಹೌಸಾದರೂ ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು.

ಗದ್ದಲ ಬೇಡವಾದರೆ ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ. ಚಳಿ ಬಿಟ್ಟಿರುತ್ತದೆ, ಸೆಖೆ ಶುರುವಾಗಿರುವುದಿಲ್ಲ, ಮಠಗಳಲ್ಲಿ ಕೋಣೆ ಖಾಲಿ. ನನ್ನ ಮತ ಇದಕ್ಕೇ. ಏಪ್ರಿಲ್ ಮುಗಿದ ಮೇಲೆ ಬಿಹಾರದ ಬಿಸಿಲು ನಮ್ಮ ರಾಯಚೂರಿನವರನ್ನೂ ಸುಸ್ತು ಮಾಡುವಂಥದ್ದು, ನಾರ್ವೆಯವರ ಪಾಡು ಹೇಳುವುದೇ ಬೇಡ. ಬುದ್ಧಪೂರ್ಣಿಮೆ ನೋಡಲೇಬೇಕು ಎಂದು ಮೇ ತಿಂಗಳಿಗೆ ಹೊರಟವರು ಮಾತ್ರ ಹಿಂದೆಮುಂದೆ ನೋಡದೆ ಎಸಿ ಹೋಟೆಲಿಗೆ ಹೋಗಲಿ. ಪಿತೃಪಕ್ಷದ ಹದಿನೈದು ದಿನ ಗಯೆಯ ರೈಲು, ಕೋಣೆ ಎರಡೂ ತುಂಬಿರುತ್ತವೆ, ಆ ದಿನಗಳನ್ನು ಬಿಟ್ಟುಬಿಡಿ.

ಹಾಗಾದರೆ ಯಾವುದು?

ಮೂರು ವಾರ ಇದೆ, ಮೊದಲ ಸಲ, ಆರೋಗ್ಯ ಚೆನ್ನಾಗಿದೆ ಅನ್ನುವವರಿಗೆ: ಎರಡು ರಾತ್ರಿ ದೇವಾಲಯಕ್ಕೆ ಹತ್ತಿರದ ಗೆಸ್ಟ್‌ಹೌಸು, ಅಲ್ಲಿಂದ ನಡೆದು ಹೋಗಿ ಮಠಗಳನ್ನು ಕಣ್ಣಾರೆ ನೋಡಿ ಒಂದನ್ನು ಆರಿಸಿ ಹತ್ತು ಹನ್ನೆರಡು ದಿನ, ಕೊನೆಯಲ್ಲಿ ರೂಟ್‌ನ ಒಂದು ಸಣ್ಣ ಶಿಬಿರ. ಶಿಬಿರವನ್ನು ಕೊನೆಗಿಡುವುದಕ್ಕೆ ಕಾರಣವಿದೆ. ಮೊದಲೇ ಹೋದವರಿಗೆ ಹೊರಬಂದಾಗ ಬೀದಿಯ ಹಾರ್ನು, ಭಿಕ್ಷುಕರು, ಧೂಳು ಎಲ್ಲ ಅಡ್ಡಿಯಾಗಿ ಕಾಣುತ್ತವೆ. ಊರನ್ನು ಮೊದಲು ಪರಿಚಯ ಮಾಡಿಕೊಂಡವರು ಶಿಬಿರದಲ್ಲಿ ಕೇಳುವ ಪ್ರಶ್ನೆಗಳೇ ಬೇರೆ.

ಒಂದೇ ವಾರ ಇರುವವರು ಜಾಗ ಬದಲಿಸಲು ಹೋಗಬೇಡಿ, ಮಠವೊಂದರಲ್ಲೇ ಇದ್ದುಬಿಡಿ. ಪುಟ್ಟ ಮಕ್ಕಳಿರುವ ಕುಟುಂಬಕ್ಕೆ ಹೋಟೆಲು, ಹಗಲು ಒಮ್ಮೆ ಹಳ್ಳಿಯ ಕಡೆ ಸುತ್ತಾಟ. ಮದ್ಯ, ಸಂಗೀತ, ರಾತ್ರಿ ಓಡಾಟ ಬೇಕೆನ್ನುವವರಿಗೆ ಗೋವಾ ಇದೆ.

ಬೆಂಗಳೂರಿನಿಂದ ಪಟ್ನಾಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ರಸ್ತೆಯಲ್ಲಿ ಗಯೆಯ ಕಡೆ ಹೊರಡುವುದು ಸಾಮಾನ್ಯ ದಾರಿ. ಗಯಾ ರೈಲು ನಿಲ್ದಾಣದಿಂದ ಬೋಧಗಯೆಗೆ ಹದಿನೈದು ಕಿಲೋಮೀಟರಿನಷ್ಟು ದೂರ. ಭಾರತದ ಫೋನ್ ನಂಬರಾಗಲಿ ಯುಪಿಐ ಆಗಲಿ ಇಲ್ಲದ ಅತಿಥಿಯ ಕೈಯಲ್ಲಿ ನೂರು, ಇನ್ನೂರರ ನೋಟುಗಳು ಸಾಕಷ್ಟಿರಲಿ. ಡಿಸೆಂಬರ್, ಜನವರಿಯಲ್ಲಿ ಮಂಜಿನಿಂದಾಗಿ ರೈಲು ತಾಸುಗಟ್ಟಲೆ ತಡವಾಗುವುದು, ವಿಮಾನ ರದ್ದಾಗುವುದು ಮಾಮೂಲು. ಹಾಗಾಗಿ ಬೋಧಗಯೆಯಿಂದ ಹೊರಡುವ ದಿನಕ್ಕೂ ಅವರು ಊರಿಗೆ ಮರಳುವ ವಿಮಾನಕ್ಕೂ ನಡುವೆ ಎರಡು ದಿನ ಬಿಟ್ಟು ಟಿಕೆಟ್ ಮಾಡಿಸಿ.